ಅಟ್ಟದ ಕೆಳಗಿನ ಫ್ರೆಂಚ್

ಅರಸೀಕೆರೆಯ ಆ ಬೀದಿಗೆ ಬೆಳಗಾಗುವುದು ಕೊಬ್ಬರಿಯ ಸದ್ದಿನಿಂದ. ವ್ಯಾಪಾರಿ ಗಂಗಾಧರಯ್ಯ ಅಟ್ಟ ಹತ್ತಿ, ವರ್ಷವಿಡೀ ಒಣಗಿದ ಕಾಯೊಂದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಲೊಡಲೊಡ, ಇಲ್ಲದಿದ್ದರೆ ಮೌನ. ಕಾಯಿ ಅಟ್ಟದಲ್ಲಿರುವಷ್ಟು ದಿನ, ಅದು ಚೆನ್ನಾಗಿ ಬರಲಿ ಎಂದು ಬಾಯಿಬಿಟ್ಟು ಹೇಳಿದರೆ ಕೊಳೆಯುತ್ತದೆ ಎಂಬುದು ಆ ಮನೆಯ ನಂಬಿಕೆ.

ಆ ಅಟ್ಟದ ಕೆಳಗೆ ಬೆಳೆದವಳು ಅವರ ಮಗಳು ಪ್ರತಿಮಾ. ಮೂವತ್ತೆಂಟರ ಹೆಂಗಸು, ಬಾಗಿಲು ಕಿರಿದೇನೋ ಎಂಬಂತೆ ಬಯಲಿನಲ್ಲೂ ತಲೆ ತಗ್ಗಿಸಿ, ಎಡ ಹೆಗಲು ಮುಂದುಮಾಡಿ ನಡೆಯುವವಳು. ಮದುವೆಯ ಮಾತೆತ್ತಿದರೂ, ಸಾರಿಗೆ ಉಪ್ಪು ಸಾಕೇ ಎಂದರೂ ಅವಳ ಉತ್ತರ ಒಂದೇ: "ನೋಡೋಣ."

ಹಳೇಬೀಡಿನಲ್ಲಿ ಅವಳು ಗೈಡ್. ಕಲ್ಲಿನ ಆನೆಗಳ ಸಾಲನ್ನು ತೋರಿಸುವಾಗ ಅವಳಿಗೆ ತಡವರಿಕೆಯೇ ಇಲ್ಲ. ಅವು ಅಲ್ಲಿವೆ, ಹೇಳಿದರಾಯಿತು. ಫ್ರೆಂಚ್ ಪರೀಕ್ಷೆ ಪಾಸಾದರೆ ಪ್ರವಾಸದ ಕಂಪನಿಯೊಂದು ಕಾಯಂ ಕೆಲಸ ಕೊಡುತ್ತೇನೆಂದಿತ್ತು. ಎರಡು ಸಲ ಫೇಲಾದ ಮೇಲೆ, ಇದೇ ಕೊನೆಯ ಸಲ ಎಂದೂ ಹೇಳಿತ್ತು.

ಅವಳನ್ನು ಕೆಡವುತ್ತಿದ್ದದ್ದು ಸಬ್ಜಂಕ್ಟಿವ್. ಆಸೆ, ಅಂಜಿಕೆ, ಅನುಮಾನಗಳನ್ನು ಆಡುವಾಗ ಫ್ರೆಂಚಿನ ಕ್ರಿಯಾಪದ ತೊಡುವ ಬೇರೆಯದೇ ರೂಪ ಅದು. ರೂಪಗಳೆಲ್ಲ ಅವಳಿಗೆ ಕಂಠಪಾಠ. ಬಸ್ಸಿನಲ್ಲಿ ತುಟಿಯಲ್ಲೇ ಒಪ್ಪಿಸುತ್ತಿದ್ದಳು. ಜೊತೆಯ ಗೈಡ್ ಉಷಾರಾಣಿ ಛೇಡಿಸುತ್ತಿದ್ದಳು: "ಯಾವ ದೇವ್ರಿಗೆ ಕಣೇ ಈ ಮಂತ್ರ? ನನ್ನ ಹೆಸ್ರಲ್ಲೂ ಒಂದು ಅರ್ಚನೆ ಮಾಡ್ಸೇ!"

ಮೂರನೆಯ ಸಲ ಬೆಂಗಳೂರಿನಲ್ಲಿ ಪರೀಕ್ಷಕಿ ಮೃದುವಾಗಿಯೇ ಕೇಳಿದರು: ನಿಮ್ಮ ಬದುಕಿನಲ್ಲಿ ಏನಾಗಬೇಕೆಂದು ಬಯಸುತ್ತೀರಿ? ನಮ್ಮ ಮನೆಯಲ್ಲಿ ಅಟ್ಟವಿದೆ, ಎಂದಳು ಪ್ರತಿಮಾ. ಅಟ್ಟದ ಮೇಲೆ ಕಾಯಿಗಳಿವೆ, ಎಂದಳು. ಮುಂದೆ ಆಡಿದರೆ ಏನೋ ಕೊಳೆತುಹೋದೀತು ಎಂಬಂತೆ ಅಲ್ಲಿಗೇ ನಿಲ್ಲಿಸಿದಳು.

ಆಸೆಯನ್ನು ಆಡದೆಯೇ ಕಾಪಾಡಬಹುದೆಂದು ನಂಬಿದ ಹೆಂಗಸರು ನಮ್ಮ ಬೀದಿಗಳಲ್ಲಿ ಬಹಳ. ಅವರದು ಯಾವುದೂ ಕೊಳೆಯುವುದಿಲ್ಲ, ನಿಜ; ಅಟ್ಟದಿಂದ ಇಳಿಯುವುದೂ ಇಲ್ಲ.

ಫಲಿತಾಂಶ ಮೊಬೈಲಿಗೆ ಬಂದ ಬೆಳಿಗ್ಗೆ ಗಂಗಾಧರಯ್ಯ ಅಟ್ಟದ ಮೇಲಿದ್ದರು.

"ಏನಾಯ್ತವ್ವಾ?"

"ಆಗ್ಲಿಲ್ಲ ಅಪ್ಪಾಜಿ."

"ಹೋಗ್ಲಿ ಬಿಡು. ಮುಂದಿನ ಸಲ ನೋಡೋಣ."

ಮುಂದಿನ ಸಲ ಇಲ್ಲವೆಂದು ಅವರಿಗೂ ಗೊತ್ತಿತ್ತು. ಕೈಯಲ್ಲಿದ್ದ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು, ಸದ್ದು ಬರಲಿಲ್ಲ. ಪ್ರತಿಮಾ ಚಪ್ಪಲಿ ಮೆಟ್ಟಿ, ಹೊಸಿಲ ಮೇಲೆ ಒಂದು ಗಳಿಗೆ ನಿಂತಳು.

"ಅಪ್ಪಾಜಿ, 'ನನ್ನ ಮಗಳು ಪಾಸಾಗ್ಲಿ' ಅಂತ ನೀವು ಒಂದೇ ಒಂದು ಸಲ ಬಾಯಿಬಿಟ್ಟು..." ಎಂದವಳು, ಎಡ ಹೆಗಲು ಮುಂದುಮಾಡಿ, ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.