ಅಂಚು ಕಟ್ಟಿದ ಬಲೆ

ಇನ್ನೊಂದು ಬದಿ ಕಟ್ಟಿದರೆ ಮುಗಿಯಿತು. ಸ್ವರ್ಣಲತಾ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ ಎಳೆದಳು. ಮುಗಿಯಿತು ಎನ್ನುವ ಮಾತು ಅವಳಿಗೆ ಬಹಳ ಪ್ರಿಯ. ಕಾಲೇಜಿನಲ್ಲಿ ಎಲ್ಲರಿಗಿಂತ ಮೊದಲು ಪಾಠ ಮುಗಿಸುವ ಕಾಮರ್ಸ್ ಲೆಕ್ಚರರ್ ಅವಳು. ಪಿಎಚ್.ಡಿ.ಯನ್ನೂ ಹಾಗೆಯೇ ಮುಗಿಸಿದ್ದಳು, ಯಾರೋ ಅಟ್ಟಿಸಿಕೊಂಡು ಬಂದಂತೆ. ಮುಗಿಸಿದ ದಿನ ಮಧ್ಯಾಹ್ನ ಮಾಡಲು ಏನೂ ತೋಚದೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಿದ್ದಳು.

ಜಗಲಿಯ ತುಂಬ ಬಲೆ ಹರಡಿತ್ತು. ಅದು ಗಂಡ ಯತೀಶನದು. ಗಂಗೊಳ್ಳಿಯಲ್ಲಿ ಐಸ್ ಪ್ಲಾಂಟ್ ನಡೆಸುವವನಿಗೆ ಬಲೆಯ ಹಂಗೇನೂ ಇಲ್ಲ. ಆದರೂ ಭಾನುವಾರ ಬಂತೆಂದರೆ ಕಂಬಕ್ಕೆ ಒರಗಿ ಕೂತು, ಬಣ್ಣಬಣ್ಣದ ನೂಲಿನಲ್ಲಿ ಹೆಣೆಯುತ್ತಾನೆ. ಒಂದು ಕಡೆ ಬಲೆಯ ಕಣ್ಣು ಕಿರುಬೆರಳು ಮಾತ್ರ ಹೋಗುವಷ್ಟು ಸಣ್ಣದು, ಇನ್ನೊಂದು ಕಡೆ ತಲೆ ತೂರುವಷ್ಟು ದೊಡ್ಡದು. ಸರಿ ಬಾರದಿದ್ದರೆ ಬಿಚ್ಚುತ್ತಾನೆ. ಸರಿ ಬಂದರೂ ಒಮ್ಮೊಮ್ಮೆ ಬಿಚ್ಚುತ್ತಾನೆ.

ಬೆಳಿಗ್ಗೆ ಮೀನು ಕೊಡಲು ಬಂದ ಅವನ ಅಕ್ಕ ಗುಲಾಬಿ ಅಂಗಳದಲ್ಲೇ ನಿಂತು ನೋಡಿದ್ದಳು.

"ಅಂಚಿಗೆ ಹಗ್ಗ ಕಟ್ತಿದ್ಯಲೆ, ಅಂವ ಹೇಳಿದ್ನಾ?"

"ಇಲ್ಲೆ ಅತ್ತಿಗೆ. ಅವ್ರಿಗ್ ಗೊತ್ತಿಲ್ಲೆ."

"ಇದ್ರಗೆ ಮೀನ್ ಬೀಳೂದಿಲ್ಲೆ. ಮೀನೇ ಕಂಡ್ ನೆಗಾಡ್ಕಂಡ್ ಹೋತ್ತ್," ಎಂದು ಗುಲಾಬಿ ಬುಟ್ಟಿ ಎತ್ತಿಕೊಂಡಳು. ಗೇಟಿನ ಹತ್ತಿರ ತಿರುಗಿ ನಿಂತು ಬಲೆಯನ್ನು ಇನ್ನೊಮ್ಮೆ ನೋಡಿ ಹೋದಳು.

ಅಂಚು ಕಟ್ಟಿದ ಬಲೆ ಮತ್ತೆ ಬೆಳೆಯುವುದಿಲ್ಲ. ಸ್ವರ್ಣಲತಾಳಿಗೂ ಅದು ಗೊತ್ತಿತ್ತು, ಅದಕ್ಕೇ ಕಟ್ಟಿದ್ದು. ನಾಳೆ ಕಾಲೇಜಿನಲ್ಲಿ ವಸ್ತುಪ್ರದರ್ಶನ. ಬಲೆ ತರುತ್ತೇನೆಂದು ಪ್ರಿನ್ಸಿಪಾಲರಿಗೆ ಮಾತು ಕೊಟ್ಟಾಗಿತ್ತು.

ನಿಜವಾದ ಕಾರಣ ಬೇರೆ. ಒಂದು ಭಾನುವಾರ ಊಟಕ್ಕೆ ಕರೆಯಲು ಬಂದವಳು ಹೊಸಿಲಲ್ಲೇ ನಿಂತುಬಿಟ್ಟಿದ್ದಳು. ಯತೀಶ ಗಂಟು ಹಾಕುತ್ತಿದ್ದ. ಆ ಮುಖವನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಬೇಕು ಎನ್ನುವುದು ಒಂದೂ ಅದರಲ್ಲಿರಲಿಲ್ಲ. ಮೈ ಜುಮ್ಮೆಂದಿತು. ಗರ್ಭಗುಡಿಯ ಮುಂದೆ ಕೈಮುಗಿದು ನಿಂತಾಗಲೂ ಅವಳಿಗೆ ಹಾಗಾದದ್ದಿಲ್ಲ. ಆಮೇಲೆ ಹೊಟ್ಟೆಕಿಚ್ಚಾಯಿತು, ಅನ್ನ ತಣಿಯುತ್ತದೆ ಎಂದು ಗದರಿದಳು.

ಅಂದಿನಿಂದ ಆ ಮುಖದಲ್ಲಿದ್ದದ್ದು ತನಗೂ ಬೇಕೆನಿಸಿತ್ತು. ಬಲೆ ಮುಗಿದರೆ ಅದು ಕೈಗೆ ಸಿಕ್ಕೀತು ಎಂದುಕೊಂಡಳು. ಹುಡುಕಲು ಅವಳಿಗೆ ಬೇರೆ ಜಾಗ ಗೊತ್ತಿರಲಿಲ್ಲ.

ಕೆಟ್ಟ ಮೆಷಿನ್ ನೋಡಲು ಬೆಳಿಗ್ಗೆಯೇ ಪ್ಲಾಂಟಿಗೆ ಹೋಗಿದ್ದ ಯತೀಶ ಮಧ್ಯಾಹ್ನ ಬಂದ. ಚಪ್ಪಲಿ ಬಿಟ್ಟು ಜಗಲಿ ಹತ್ತಿದವನು ಅಲ್ಲೇ ನಿಂತ.

"ಎಂತ ಇದ್?"

"ನಾಳೆ ಕಾಲೇಜಗೆ ಇಡೂಕೆ. ನಿಮ್ಮ ಹೆಸ್ರ್ ಬರೂದಿತ್ತ್."

ಅವನು ಬಗ್ಗಿ ಹಗ್ಗವನ್ನು ಮುಟ್ಟಿ ನೋಡಿದ.

"ಮುಗಿತಾ?"

"ಮುಗಿತ್."

"ಚಂದ ಆಯ್ತ್."

ಬೈದಿದ್ದರೆ ಚೆನ್ನಾಗಿತ್ತು. ಅವನು ಕೈ ತೊಳೆದು ಉಂಡ, ಸಾರು ಚೆನ್ನಾಗಿದೆ ಎಂದ. ಉಂಡವನು ಹಾಕದ ಟಿವಿಯ ಮುಂದೆ ಕೂತ. ಎರಡು ಕೈಗಳೂ ತೊಡೆಯ ಮೇಲೆ ಅಂಗಾತ ಬಿದ್ದಿದ್ದವು.

"ಇವತ್ತ್ ಆಯ್ತವಾರವೇ ಅಲ್ದಾ?" ಎಂದು ಕೇಳಿದ.

"ಹೌದ್. ಎಂತಕ್ಕೆ?"

"ಎಂತ ಇಲ್ಲೆ."

ಅಂದು ಪಾತ್ರೆಗಳನ್ನು ಎರಡನೆಯ ಸಲ ತೊಳೆಯುತ್ತಿದ್ದ ತಾನೇ ಅವನ ಮುಖದೊಳಗೆ ಬಂದು ಕೂತಂತಿತ್ತು. ಸ್ವರ್ಣಲತಾ ಹೆದರಿದಳು. ತನ್ನ ರೋಗವನ್ನು ಇವನಿಗೆ ಅಂಟಿಸಿಬಿಟ್ಟೆನೇ ಎಂದುಕೊಂಡಳು. ಎದ್ದು ಒಳಗೆ ಹೋಗಿ ಕತ್ತರಿ ತಂದಳು. ಜಗಲಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹಗ್ಗವನ್ನು ಕತ್ತರಿಸತೊಡಗಿದಳು. ಸದ್ದು ಕೇಳಿ ಅವನು ಹೊರಗೆ ಬಂದ.

"ಕಾಲೇಜಿಗೆ?"

"ಎಂತಾರೂ ಹೇಳ್ತೆ."

ಹಗ್ಗ ಬಿಗಿದ ಕಡೆಯೆಲ್ಲ ಕಣ್ಣುಗಳು ಸೊಟ್ಟಗಾಗಿದ್ದವು. ಅವಳು ನೂಲಿನ ಸೂಜಿಯನ್ನು ಅವನತ್ತ ದೂಡಿದಳು. ಹೆಣೆಯಲಿ, ಮೊದಲಿನಂತಾಗಲಿ. ಅವನು ಸೂಜಿ ಮುಟ್ಟಲಿಲ್ಲ. ಕಂಬಕ್ಕೆ ಒರಗಿ ಕೂತು ಒಂದು ಗಂಟು ಬಿಚ್ಚಿದ. ಅದರ ಪಕ್ಕದ್ದನ್ನೂ ಬಿಚ್ಚಿದ. ಸೊಟ್ಟಗಾದ ಸಾಲು ದಾಟಿದ ಮೇಲೂ ಅವನ ಕೈ ನಿಲ್ಲಲಿಲ್ಲ.

ಆ ಮುಖ ಮರಳಿ ಬಂತು.

ಕಟ್ಟುವಾಗ ಇದ್ದ ಮುಖವೇ ಬಿಚ್ಚುವಾಗಲೂ. ಎಷ್ಟೋ ಭಾನುವಾರಗಳ ಕೆಲಸ ಕಣ್ಣೆದುರೇ ಕರಗುತ್ತಿದೆ, ಈ ಮನುಷ್ಯನಿಗೆ ಮಾತ್ರ ಏನೂ ಹೋಗುತ್ತಿಲ್ಲ. ಸ್ವರ್ಣಲತಾಳ ಕಣ್ಣು ತುಂಬಿತು. ಅದು ದುಃಖವಲ್ಲ. ಇಷ್ಟು ದೊಡ್ಡದೊಂದು ತನ್ನ ಮನೆಯ ಜಗಲಿಯಲ್ಲೇ, ಲುಂಗಿ ಉಟ್ಟುಕೊಂಡು, ಇಷ್ಟು ವರ್ಷ ಕೂತಿತ್ತಲ್ಲ ಎನಿಸಿತು.

"ಕೂಕೊ. ಆ ಬದಿ ನೀನ್ ಬಿಚ್ಚ್," ಎಂದ ಯತೀಶ, ತಲೆ ಎತ್ತದೆ.

ಹಾಗೆ ಅವನು ಹಿಂದೆಂದೂ ಕರೆದಿರಲಿಲ್ಲ. ಕುಕ್ಕರಗಾಲಲ್ಲಿದ್ದ ಅವಳು ನೆಲಕ್ಕೆ ಕೂತಳು. ಮೊದಲ ಗಂಟು ಉಗುರಿಗೆ ಸಿಕ್ಕಿ ಮೆಲ್ಲಗೆ ಸಡಿಲವಾಯಿತು, ನೂಲು ಜಾರಿ ಬಂತು. ಎದೆಯೊಳಗೂ ಏನೋ ಜಾರಿದ ಹಾಗಾಯಿತು. ಒಂದು ಗಳಿಗೆ ನಾಳೆಯೂ ಇರಲಿಲ್ಲ, ಪ್ರಿನ್ಸಿಪಾಲರೂ ಇರಲಿಲ್ಲ. ಇದೇ, ಇದೇ ಎಂದುಕೊಂಡಳು. ಇನ್ನೊಂದು ಗಂಟೂ ಬಿಚ್ಚಿತು. ಎಷ್ಟು ಆಯಿತೆಂದು ನೋಡಲು ತಲೆ ಎತ್ತಿದಳು.

ಬಲೆ ಜಗಲಿಯ ಆ ತುದಿಯವರೆಗೂ ಬಿದ್ದಿತ್ತು.

"ಹ್ವಾಯ್," ಎಂದಳು. "ಎಲ್ಲ ಬಿಚ್ಚಿ ಮುಗೂಕೆ ಎಷ್ಟ್ ಹೊತ್ತ್ ಬೇಕ್?"

ಅವನಿಗೆ ಕೇಳಿಸಲಿಲ್ಲ. ಅವನ ಮಡಿಲಲ್ಲಿ ಬಿಚ್ಚಿದ ನೂಲು ಸುರುಳಿಸುರುಳಿಯಾಗಿ ರಾಶಿ ಬೀಳುತ್ತಿತ್ತು. ಅವಳು ಬೇಗ ಬೇಗ ಎಳೆದಳು, ಗಂಟು ಬಿಗಿಯಿತು. ಇನ್ನೂ ಎಳೆದಳು. ಸಣ್ಣ ಕಣ್ಣೊಂದರಲ್ಲಿ ಕಿರುಬೆರಳು ಸಿಕ್ಕಿಕೊಂಡು, ತುದಿ ನೀಲಿಗಟ್ಟತೊಡಗಿತು. ಹೇಳಿದ್ದರೆ ಅವನು ಬಿಡಿಸುತ್ತಿದ್ದ, ಆ ಮುಖ ಹೋಗಿಬಿಡುತ್ತಿತ್ತು. ಅವಳು ಅವನ ಮುಖ ನೋಡಿದಳು, ಹೇಳದೆ ಕೂತಳು.