ಸಮ ಅಲ್ಲ, ಆಗಲಿ

೧೯೮೬ರ ಬೇಸಿಗೆ ರಜೆಯಲ್ಲಿ ಜಗಳೂರಿನ ಗಣಿತದ ಮೇಡಂ ರುದ್ರಾಣಿ ಚನ್ನಗಿರಿಗೆ ಬಸ್ಸು ಹತ್ತಿದಳು. ಅಲ್ಲಿನ ಹೈಸ್ಕೂಲೊಂದರಲ್ಲಿ ಹನ್ನೆರಡು ಮಂದಿ ಮೇಷ್ಟ್ರುಗಳಿಗೆ ಆರು ದಿನದ ಕಂಪ್ಯೂಟರ್ ತರಬೇತಿ. ಯಂತ್ರ ಇದ್ದದ್ದು ಒಂದೇ. ಕಲಿಸಲು ಬಂದ ತರುಣ ಉಸಿರು ಬಿಡದೆ ಇಂಗ್ಲಿಷಿನಲ್ಲಿ ಹೇಳಿಕೊಂಡು ಹೋಗುತ್ತಿದ್ದ. ಇವರು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು.

ಅವಳು ಉಳಿದುಕೊಂಡದ್ದು ಚಿಕ್ಕಮ್ಮ ಅನ್ನಪೂರ್ಣಮ್ಮನ ಮನೆಯಲ್ಲಿ. ಸಂಜೆ ಪಡಸಾಲೆಯಲ್ಲಿ ಅಡಿಕೆ ಆರಿಸುತ್ತ ಚಿಕ್ಕಮ್ಮನದೂ ಒಂದು ಪಾಠ. ಶೇಂಗಾ ಸೀಮೆಯ ರುದ್ರಾಣಿಗೆ ಎಲ್ಲ ಅಡಿಕೆಯೂ ಒಂದೇ.

"ಹಂಗಲ್ಲ ಕಣೆ. ಇದು ರಾಶಿ, ಇದು ಬೆಟ್ಟೆ. ಬಲಿತ ಕಾಯಿದು ಗೊರಬಲು. ಹೆಸರು ಗೊತ್ತಾದ್ರೆ ಕಣ್ಣಿಗೂ ಬೇರೆ ಕಾಣ್ತೈತೆ."

ಮೂರನೇ ಸಂಜೆಗೆ ಅವಳ ಕೈ ತಪ್ಪಲಿಲ್ಲ.

ಗುರುವಾರ ಹೊನ್ನಾಳಿಯ ಹಿರಿಯ ಮೇಷ್ಟ್ರು ನಿಯಾಜ್ ಅಹಮದ್ ತಕರಾರು ತೆಗೆದರು. ಬೋರ್ಡಿನ ಮೇಲೆ N = N + 1 ಎಂದಿತ್ತು.

"ಎರಡೂ ಕಡೆ ಎನ್ ತೆಗೆದ್ರೆ ಸೊನ್ನೆಗೆ ಒಂದು ಸಮ ಆಗ್ತೈತೆ. ಇಪ್ಪತ್ತೈದು ವರ್ಷ ಗಣಿತ ಹೇಳಿದೀನಿ, ಇದನ್ನ ಒಪ್ಪಾಕೆ ನನ್ನಿಂದ ಆಗಲ್ಲ."

ತರುಣ ಅದೇ ಇಂಗ್ಲಿಷ್ ಮಾತನ್ನು ಮೂರು ಸಲ ಹೇಳಿದ. ನಿಯಾಜ್ ಪುಸ್ತಕ ಮುಚ್ಚಿ ಎದ್ದರು.

"ಕೂತ್ಕೊಳ್ರಿ ಸಾರ್," ಎಂದಳು ರುದ್ರಾಣಿ. "ನಿಮ್ಮ ಗಣಿತ ಸರಿ ಐತೆ. ನಾವು ಓದೋದು ತಪ್ಪು. ಇಲ್ಲಿ ಆ ಗುರುತನ್ನ 'ಸಮ' ಅನ್ನಬ್ಯಾಡ್ರಿ, 'ಆಗಲಿ' ಅನ್ರಿ. ಈಗಿರೋ ಎನ್‌ಗೆ ಒಂದು ಕೂಡಿಸಿದ್ದು ಹೊಸ ಎನ್ ಆಗಲಿ."

ನಿಯಾಜ್ ಅದನ್ನು ಬಾಯಲ್ಲೇ ಎರಡು ಸಲ ಅಂದುಕೊಂಡರು. ಆಮೇಲೆ ತಾವೇ ಯಂತ್ರದ ಮುಂದೆ ಕೂತು ಒಂದೊಂದೇ ಅಕ್ಷರ ಒತ್ತಿದರು. ಕೊನೆಯ ಸಾಲು, ಮತ್ತೆ ಹಿಂದಕ್ಕೆ ಹೋಗು ಎಂಬುದು. ಪರದೆಯ ಮೇಲೆ ಒಂದು, ಎರಡು, ಮೂರು ಬಂದವು. ಹತ್ತಕ್ಕೆ ನಿಲ್ಲಬೇಕಿದ್ದದ್ದು ಐನೂರು ದಾಟಿತು. ಹಿಂದಿನಿಂದ ಯಾರೋ ವೈರು ಕೀಳಿರಿ ಎಂದರು. ರುದ್ರಾಣಿ ಎಸ್ಕೇಪ್ ಕೀ ಒತ್ತಿ ನಿಲ್ಲಿಸಿದಳು.

"ಎಲ್ಲಿಗೆ ಹೋಗಬೇಕಂತ ಹೇಳೀವಿ ಸಾರ್, ಯಾವಾಗ ನಿಲ್ಲಬೇಕಂತ ಹೇಳಿಲ್ಲ."

ಎನ್ ಹನ್ನೊಂದಕ್ಕಿಂತ ಕಡಿಮೆಯಿದ್ದರೆ ಮಾತ್ರ ಹಿಂದಕ್ಕೆ ಹೋಗು ಎಂದು ಕೊನೆಯ ಸಾಲನ್ನು ತಿದ್ದಿದರು. ಎಣಿಕೆ ಹತ್ತಕ್ಕೆ ನಿಂತಿತು. ನಿಯಾಜ್ ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಮ್ಮೆ ಓಡಿಸಿ ನೋಡಿದರು.

ಶನಿವಾರ ತರುಣ ಅವಳ ಬಳಿ ಬಂದ. "ಮುಂದಿನ ತಿಂಗಳು ಹೊನ್ನಾಳಿಯಲ್ಲಿ ಇನ್ನೊಂದು ತಂಡ ಇದೆ ಮೇಡಂ. ಕಲಿಸೋಕೆ ನೀವೂ ಬರ್ತೀರಾ?"

ಅವಳು ಯೋಚನೆಗೆ ಬೀಳಲಿಲ್ಲ. "ಬರ್ತೀನಿ. ಆದರೆ ನನ್ನ ಪಾಠ ಕನ್ನಡದಾಗೇ."

"ಹಂಗಾದ್ರೆ ನಾನೂ ಬಂದು ಮುಂದಿನ ಬೆಂಚಿನಾಗೆ ಕೂತ್ಕೊಂತೀನಿ," ಎಂದರು ನಿಯಾಜ್. "ಇನ್ನೂ ಕೇಳೋದು ಬಾಳ ಐತೆ."