ಮಾಳಿಗೆಯ ಮೇಲಿನ ಮೂರು ಸಾಲು

ಕಾಯಿಪಲ್ಯ ಒಣಗಿಸುವುದು ಬೇಸಿಗೆಯ ಕೆಲಸ. ಭಾದ್ರಪದದ ಮೋಡ ತಲೆಯ ಮೇಲಿರುವಾಗ ಯಾರೂ ಅದಕ್ಕೆ ಕೈ ಹಾಕುವುದಿಲ್ಲ. ಆದರೆ ನಿಜಾಮನ ರಾಜ್ಯದ ಆ ಕೊನೆಯ ಮಳೆಗಾಲದಲ್ಲಿ ಭಾಲ್ಕಿಯ ಗುರಮ್ಮನಿಗೆ ಬೇರೆ ದಾರಿ ಇರಲಿಲ್ಲ. ನಿಜಾಮನ ಪರ ಬಂದೂಕು ಹಿಡಿದು ತಿರುಗುತ್ತಿದ್ದ ರಜಾಕಾರರ ಹೆದರಿಕೆಗೆ ಸಂತೆ ನಿಂತುಹೋಗಿತ್ತು. ಅದು ಅವಳ ಹಿತ್ತಲಿನ ಗಿಡಗಳಿಗೆ ಹೇಗೆ ಗೊತ್ತಾಗಬೇಕು? ಬದನೆ, ಚವಳಿ, ಸೌತೆ, ಮೆಣಸಿನಕಾಯಿ ದಿನಾ ಬುಟ್ಟಿ ತುಂಬುತ್ತಿದ್ದವು. ಉಪ್ಪಿನಕಾಯಿ ಹಾಕೋಣವೆಂದರೆ ಉಪ್ಪಿಲ್ಲ. ಗಡಿಯಾಚೆಯಿಂದ ಉಪ್ಪು, ಸೀಮೆಎಣ್ಣೆ ಬರುವುದು ಬಂದಾಗಿ, ಉಪ್ಪನ್ನು ಜನ ಚಿಟಿಕೆಯ ಲೆಕ್ಕದಲ್ಲಿ ಕಡ ಕೇಳುತ್ತಿದ್ದರು. ಉಳಿದದ್ದು ಬಿಸಿಲೊಂದೇ. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಮನೆಯಲ್ಲಿ ಇಬ್ಬರೇ ಹೆಂಗಸರು. ಗುರಮ್ಮನ ಗಂಡ ಮನ್ಮಥಪ್ಪ ಕಾಲರಾದಲ್ಲಿ ಸತ್ತು ಬಹಳ ವರ್ಷಗಳಾಗಿದ್ದವು. ಮಗ ಮಡೆಪ್ಪ ಬೀದರದ ಕಾಳಿನ ಪೇಟೆಯಾದ ಗಂಜಿನಲ್ಲಿ ಅಡತಿ ಅಂಗಡಿಗೆ ಸೇರಿದ್ದಾನೆ ಎಂದು ಓಣಿಯಲ್ಲೆಲ್ಲ ಹೇಳಿದ್ದಳು. ಅದು ಸುಳ್ಳು. ಅವನು ಗಡಿ ದಾಟಿ ನಿಜಾಮನ ವಿರುದ್ಧ ಹೋರಾಡುವವರ ಶಿಬಿರ ಸೇರಿದ್ದ. ಹಾಗೆ ಮಗನನ್ನು ಕಳಿಸಿದ ಒಂದು ಮನೆಗೆ ಆಷಾಢದಲ್ಲಿ ರಜಾಕಾರರು ಬೆಂಕಿ ಹಚ್ಚಿದ್ದರು. ಇದು ಗುರಮ್ಮನಿಗೂ ಗೊತ್ತು, ಸೊಸೆ ಲಲಿತಾಬಾಯಿಗೂ ಗೊತ್ತು. ಅದರ ಬಗ್ಗೆ ಇಬ್ಬರೂ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ.

ಕೆಲಸ ಹಂಚಿಕೆಯಾಗಿತ್ತು. ಮೊಣಕಾಲು ನೋವಿನ ಗುರಮ್ಮ ಪಡಸಾಲೆಯಲ್ಲಿ ಈಳಿಗೆಯ ಮುಂದೆ ಕೂತು ಹೆಚ್ಚುವುದು, ಲಲಿತಾಬಾಯಿ ನಿಚ್ಚಣಿಕೆ ಹತ್ತಿ ಮಾಳಿಗೆಯ ಮೇಲೆ ಹರವುವುದು. ಮಳೆ ಹನಿ ಬಿದ್ದರೆ ಓಡಿ ಎಲ್ಲ ಬಳಿದು ತಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು. ಹೊಗೆ ಕುಡಿದ ಬದನೆ ಹೋಳು ಚರ್ಮದ ಹಾಗೆ ಆಗುತ್ತಿತ್ತು. ಆದರೂ ಕೆಡುತ್ತಿರಲಿಲ್ಲ.

ಹಿಂದೂಸ್ತಾನದ ಫೌಜು ಗಡಿ ದಾಟಿ ಒಳಗೆ ಬಂದಿದೆ ಎಂಬ ಸುದ್ದಿ ಬಂದ ಮರುದಿನ ವಿಮಾನಗಳು ಊರ ಮೇಲೆ ಬೀದರದ ಕಡೆ ಹಾದುಹೋದವು. ಎಷ್ಟು ಕೆಳಗೆಂದರೆ ಅಟ್ಟದ ಮೇಲಿನ ಮಡಕೆಗಳು ಗಡಗಡ ಅಂದವು. ಸ್ವಲ್ಪ ಹೊತ್ತಿಗೆ ಆ ದಿಕ್ಕಿನಿಂದ ಸದ್ದು ಕೇಳಿತೆಂದು ಕೆಲವರು ಅಂದರು. ಅದು ಬಾಂಬಿನದೇ ಎಂದರು ಅವರು. ಗುಡುಗು ಎಂದರು ಇನ್ನು ಕೆಲವರು. ಲಲಿತಾಬಾಯಿ ಕಾಳಿನ ಕಣಜಗಳ ನಡುವೆ ಹೊಕ್ಕವಳು ಸಂಜೆಯವರೆಗೆ ಹೊರಗೆ ಬರಲಿಲ್ಲ. ಅನ್ನ ಮುಟ್ಟಲಿಲ್ಲ.

ಮರುದಿನ ಮೋಡ ಹರಿದು ಚುರುಕು ಬಿಸಿಲು ಬಿತ್ತು. ಸೊಸೆ ತಾನಾಗಿಯೇ ಎದ್ದು ಬುಟ್ಟಿಗಳನ್ನು ಮೇಲೆ ಹೊತ್ತಳು. ಅವಳು ಎಂದಿಗಿಂತ ಹೆಚ್ಚು ಹೊತ್ತು ಮೇಲಿದ್ದಳು. ಹುಡುಗಿಯ ಹೆದರಿಕೆ ಇಳಿಯಿತಲ್ಲ ಎಂದು ಗುರಮ್ಮ ಸಮಾಧಾನಪಟ್ಟಳು.

ಮಧ್ಯಾಹ್ನ ಬಾಗಿಲಿಗೆ ಬಂದೂಕಿನ ಹಿಡಿಯ ಪೆಟ್ಟು ಬಿತ್ತು.

ಗುರಮ್ಮ ಸೊಸೆಗೆ ಕಣ್ಸನ್ನೆ ಮಾಡಿದಳು. ಲಲಿತಾಬಾಯಿ ಕಣಜದ ಕೋಣೆ ಹೊಕ್ಕಳು. ಬಾಗಿಲು ತೆರೆದರೆ ಜಹೀರೋದ್ದೀನ ಮತ್ತು ಅವನ ಜೊತೆ ಮೂರ್ನಾಲ್ಕು ಜನ. ಮೊನ್ನೆಮೊನ್ನೆಯವರೆಗೆ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದವನು ಈಗ ಊರ ರಜಾಕಾರರ ಮುಂದಾಳು. ಕಣ್ಣು ಕೆಂಪಾಗಿದ್ದವು, ನಿದ್ದೆಗೆಟ್ಟ ಮುಖ.

"ಮಾಳಿಗಿ ಮ್ಯಾಲ ಏನು ಹಾಸೀದಿ?"

"ಕಾಯಿಪಲ್ಯ ರೀ. ಒಣಾಕ ಹಾಕೀವ್ರಿ."

"ಹತ್ತು ಮ್ಯಾಲ. ನೀನ ನೋಡು."

ಗುರಮ್ಮ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರಿ ಹತ್ತಿದಳು. ಹಿಂದೆ ಬೂಟಿನ ಸಪ್ಪಳ. ಮೇಲೆ ಬಂದು ನೋಡಿದಾಗ ಮೊದಲು ಅವಳಿಗೆ ವಿಶೇಷವೇನೂ ಕಾಣಲಿಲ್ಲ. ಒಂದು ಉದ್ದನೆಯ ಸಾಲು ಕೆಂಪಗೆ ಹಣ್ಣಾದ ಮೆಣಸಿನಕಾಯಿ. ಅದಕ್ಕೆ ಹೊಂದಿ ಸೌತೆಯ ಬಿಳಿ ಬಿಲ್ಲೆಗಳು. ಅದಕ್ಕೂ ಹೊಂದಿ ಹಸಿರು ಚವಳಿಕಾಯಿ. ಮೂರೂ ಸಮ, ಅಂಚು ಅಳೆದು ಮಾಡಿದ ಹಾಗೆ ನೆಟ್ಟಗೆ.

"ಕೋಟೆ ಬುರುಜಿನ ಮ್ಯಾಲಿಂದ ಕಂಡದ ಇದು," ಎಂದ ಜಹೀರೋದ್ದೀನ. "ನೆಲದ ಮ್ಯಾಲಿನವರಿಗೆ ಕಾಣಲಾರದಂಗ, ಆಸ್ಮಾನದಾಗ ಹೋಗೂವರಿಗೆ ಕಾಣೂವಂಗ ಕಾಂಗ್ರೆಸ್ಸಿನ ಝಂಡಾ ಹಾಸೀದಿ. ಯಾರು ಹೇಳಿಕೊಟ್ರು?"

ಗುರಮ್ಮ ಮತ್ತೊಮ್ಮೆ ಸಾಲುಗಳನ್ನು ನೋಡಿದಳು. ಒಮ್ಮೆ ಅವನು ಹೇಳಿದ ಮೇಲೆ ಅದು ಬೇರೆ ಯಾವ ರೀತಿಯಲ್ಲೂ ಕಾಣದಾಯಿತು. ಮಗ ಮನೆ ಬಿಡುವ ಮುಂಚೆ ಬಟ್ಟೆಯ ಗಂಟಿನೊಳಗಿಂದ ಒಮ್ಮೆ ತೆಗೆದು ತೋರಿಸಿದ್ದ ಅದೇ ಬಣ್ಣಗಳು.

"ಲಿಂಗ ಮುಟ್ಟಿ ಹೇಳ್ತೇನ್ರಿ, ನನಗ ಝಂಡಾ ಪಂಡಾ ಏನೂ ತಿಳಿಯಂಗಿಲ್ರಿ."

"ಹಾಸಿದವರು ಯಾರು?"

"ನಾನ ರೀ."

"ಈ ಮೊಣಕಾಲು ಇಟಗೊಂಡು? ನಿನ್ನ ಸೊಸಿ ಎಲ್ಲಿ? ಮಗ ಎಲ್ಲಿ?"

"ಮಗ ಗಂಜಿನ್ಯಾಗ ಅದಾನ್ರಿ, ಬೀದರದಾಗ."

"ಯಾವ ಅಂಗಡಿ?"

ಇಷ್ಟು ದಿನ ಈ ಸುಳ್ಳು ಹೇಳುತ್ತ ಬಂದಿದ್ದರೂ ಅಂಗಡಿಗೊಂದು ಹೆಸರಿಡಬೇಕೆಂದು ಗುರಮ್ಮನಿಗೆ ಹೊಳೆದಿರಲಿಲ್ಲ. ಆ ಹೊತ್ತಿಗೆ ಪಕ್ಕದ ಮಾಳಿಗೆಯ ಗಿಡ್ಡ ಗೋಡೆ ದಾಟಿ ಯಾರೋ ಬಂದರು. ದರ್ಜಿ ಅಬ್ದುಲ ಸಮದ. ಕೊರಳಲ್ಲಿ ಅಳತೆಯ ಪಟ್ಟಿ ಹಾಗೇ ಇತ್ತು. ಜಹೀರೋದ್ದೀನನ ಮೈಮೇಲಿದ್ದ ಖಾಕಿ ಅಂಗಿ ಸಮದನ ಮಷೀನಿನಲ್ಲೇ ಹೊಲಿದದ್ದು.

"ಆ ಮೆಣಸಿನಕಾಯಿ ನಮ್ಮವು ಬೇಟಾ," ಎಂದ ಸಮದ.

"ನಿಮ್ಮವಾ?"

"ನಮ್ಮ ಮಾಳಿಗಿ ಸೋರಲತ್ತದ. ಒದ್ದಿ ನೆಲದ ಮ್ಯಾಲ ಹ್ಯಾಂಗ ಒಣಗಸೂದು? ನಮ್ಮಾಕಿ ಖಾಜಾಬಿ ಮುಂಜಾನಿ ತಂದು ಇಲ್ಲಿ ಸುರುವಿ ಹೋದಳು. ಜಾಗ ಇದ್ದಲ್ಲಿ ಸುರುವ್ಯಾಳ. ಆಕಿಗೇನು ಗೊತ್ತು ಬಣ್ಣ?"

ಮಾತು ಸಲೀಸಾಗಿತ್ತು. ಆದರೆ ಬೆರಳುಗಳು ಅಳತೆ ಪಟ್ಟಿಯ ತುದಿಯನ್ನು ಸುತ್ತಿ ಬಿಚ್ಚುತ್ತಿದ್ದುದು ಗುರಮ್ಮನಿಗೆ ಕಾಣುತ್ತಿತ್ತು. ತನಗೆ ಕಂಡದ್ದು ಜಹೀರೋದ್ದೀನನಿಗೂ ಕಂಡೀತು ಎಂದು ಅವಳು ಹೆದರಿದಳು. ಜಹೀರೋದ್ದೀನ ಮುದುಕನ ಎದುರಿಗೆ ಬಂದ. ಆಮೇಲೆ ಅವನ ಕೆನ್ನೆಗೆ ಹೊಡೆದ. ಜೋರಾಗಿ ಅಲ್ಲ.

"ನಿಮ್ಮವಾದ್ರ ಬಳಕೊಂಡು ಒಯ್ಯಿ."

ಸಮದ ಕುಕ್ಕರಗಾಲಿನಲ್ಲಿ ಕೂತು ಮೆಣಸಿನಕಾಯಿಯನ್ನೆಲ್ಲ ಅಂಗಿಯ ಮಡಿಲಿಗೆ ತುಂಬಿಕೊಂಡ. ಬೂಟುಗಳು ಉಳಿದ ಎರಡು ಸಾಲನ್ನು ತುಳಿದು ಕಲಸಿದವು.

"ನಾಳಿ ಗಂಜಿಗೆ ಮನಶಾನ ಕಳಸ್ತೇನಿ. ನಿನ್ನ ಮಗ ಅಲ್ಲಿರಲಿಲ್ಲಂದ್ರ ತಿರುಗಿ ಬರ್ತೇನಿ," ಎಂದು ಜಹೀರೋದ್ದೀನ ಇಳಿದುಹೋದ.

ಅವರ ಸಪ್ಪಳ ಓಣಿಯ ಕೊನೆ ದಾಟಿದ ಮೇಲೂ ಗುರಮ್ಮ ಮೇಲೆಯೇ ಕೂತಿದ್ದಳು. ಲಲಿತಾಬಾಯಿ ಮೇಲೆ ಬಂದು ತುಳಿದ ಸೌತೆಯ ಬಿಲ್ಲೆಗಳನ್ನು ಒಂದೊಂದಾಗಿ ಆಯತೊಡಗಿದಳು. ಅವಳು ಅತ್ತೆಯ ಕಡೆ ನೋಡಲಿಲ್ಲ.

"ಬೇಕಂತ ಹಾಸಿದೇನು?" ಗುರಮ್ಮ ಕೇಳಿದಳು.

"ಹೌದ್ರಿ."

"ಯಾಕ? ಗಂಡನಂಗ ಶೂರಳಾಗಬೇಕಂತ?"

"ಅಂಜಿಕಿ ಬಂತ್ರಿ ಅತ್ತಿ." ಲಲಿತಾಬಾಯಿ ಇನ್ನೊಂದು ಬಿಲ್ಲೆ ಎತ್ತಿ ಮಣ್ಣು ಒರೆಸಿದಳು. "ನಿನ್ನಿ ವಿಮಾನ ಎಷ್ಟು ಕೆಳಗ ಬಂದ್ವು. ಯಾರ ಮನಿ ಯಾವುದು ಅವರಿಗೆ ಹ್ಯಾಂಗ ಗೊತ್ತಾಗ್ತದ? ತಮ್ಮವರ ಮನಿ ಅಂತ ತಿಳದ್ರ ಬಾಂಬ್ ಹಾಕಂಗಿಲ್ಲ ಅಂದಕೊಂಡೆ."

ಗುರಮ್ಮನಿಗೆ ಹೊಡೆಯಬೇಕೆನಿಸಿತು. ಕೈ ಮೇಲೇಳಲಿಲ್ಲ. ಗೋಡೆಯ ಆಚೆ ಖಾಜಾಬಿ ಗಂಡನ ಮೇಲೆ ಸಣ್ಣ ದನಿಯಲ್ಲಿ ಅಳುತ್ತ ಸಿಟ್ಟು ಮಾಡುವುದು ಕೇಳುತ್ತಿತ್ತು. ನಮ್ಮ ಮನೆ ಬಿಟ್ಟು ಬಾಂಬು ಹಾಕಿದ್ದರೆ ಅದು ಈ ಮುದುಕರ ಮೇಲೆಯೇ ಬೀಳುತ್ತಿತ್ತಲ್ಲ ಎಂದು ಗುರಮ್ಮನಿಗೆ ಅನ್ನಿಸಿತು.

ಮರುದಿನ ಅವರು ಬಾಗಿಲು ಕಾಯುತ್ತ ಕೂತರು. ಸಿಕ್ಕಿಬಿದ್ದರೆ ಹಿತ್ತಲ ಬಾವಿಗೆ ಹಾರುವುದೆಂದು ಲಲಿತಾಬಾಯಿ ನಿರ್ಧಾರ ಮಾಡಿದ್ದಳು. ಗುರಮ್ಮ ಬಾವಿಯ ಹಗ್ಗ, ರಾಟೆ ಬಿಚ್ಚಿ ಬಾಯಿಗೆ ಹಲಗೆ ಹೊಚ್ಚಿ ಅದರ ಮೇಲೆ ತಾನೇ ಕೂತಳು. ಯಾರೂ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಿಜಾಮ ಶರಣಾದ ಸುದ್ದಿ ಚಾವಡಿಯ ರೇಡಿಯೋದಲ್ಲಿ ಬಂತು. ಜಹೀರೋದ್ದೀನ ಖಾಕಿ ಅಂಗಿಯನ್ನು ಹುಣಸೆಮರದ ಬುಡಕ್ಕೆ ಬಿಸಾಕಿ ಊರು ಬಿಟ್ಟ ಎಂದರು.

ಫೌಜಿನ ಲಾರಿಗಳು ಹಾದುಹೋದವು. ಜನ ಹೂ ಎಸೆದರು. ಗುರಮ್ಮನ ಎದೆ ಹಗುರಾದದ್ದು ಆ ಒಂದು ಸಂಜೆ ಮಾತ್ರ. ಬೆಳಗಾಗುತ್ತಲೇ ಹಿತ್ತಲ ಗೋಡೆಯ ಸಂದಿನಿಂದ ಖಾಜಾಬಿ ಕರೆದಳು. ಮುಖ ಸುಣ್ಣವಾಗಿತ್ತು.

"ಹಳ್ಳಿಯಿಂದ ಮಂದಿ ಬರ್ಲತ್ತಾರಂತ ಅಕ್ಕಾ. ಕೊಡ್ಲಿ ಹಿಡಕೊಂಡು. ಖಾಕಿ ಹೊಲಿದ ದರ್ಜಿ ಎಲ್ಲಿ ಅಂತ ಕೇಳಕೋತ ಬರ್ಲತ್ತಾರಂತ."

"ನಮ್ಮ ಮನಿಗಿ ಬರ್ರಿ."

"ನಮ್ಮವರು ಏಳಂಗಿಲ್ಲ ಅಂತಾರ. ಮಷೀನ ಬಿಟ್ಟು ಬರಂಗಿಲ್ಲಂತ."

ಗುರಮ್ಮ ಒಳಗೆ ಹೋಗಿ ಹಣೆಗೆ ವಿಭೂತಿ ಹಚ್ಚಿಕೊಂಡಳು. ಈಳಿಗೆ ತೆಗೆದುಕೊಂಡಳು, ಒಂದು ಬುಟ್ಟಿ ಬದನೆಕಾಯಿ ಸೊಸೆಯ ತಲೆಯ ಮೇಲಿಟ್ಟಳು. ಸಮದನ ಮನೆಯ ಬಾಗಿಲು ಹೊರಗಿನಿಂದ ಎಳೆದುಕೊಂಡು, ಅದಕ್ಕೆ ಬೆನ್ನು ಹಚ್ಚಿ ಹೊಸ್ತಿಲಿಗೆ ಅಡ್ಡ ಕೂತು ಹೆಚ್ಚತೊಡಗಿದಳು. ಪಕ್ಕದಲ್ಲಿ ಲಲಿತಾಬಾಯಿ ಕೆಡದಿರಲೆಂದು ಹೋಳುಗಳಿಗೆ ಬೂದಿ ಸವರಿದಳು. ಗುರಮ್ಮನ ಹೆಬ್ಬೆರಳು ಎರಡು ಕಡೆ ಕುಯ್ದುಕೊಂಡಿತು.

ಮಂದಿ ಬಂದರು. ಮುಂದೆ ಇದ್ದವನು ಕುರಿ ಕಾಯುವ ಹಣಮಂತಪ್ಪ, ಗುರಮ್ಮನ ತವರೂರಿನವನು. ರಜಾಕಾರರು ಅವನ ಹಟ್ಟಿ ಸುಟ್ಟು ಕುರಿ ಹೊಡೆದುಕೊಂಡು ಹೋಗಿದ್ದರು. ಅವನ ತಮ್ಮ ಆ ಬೆಂಕಿಯಲ್ಲೇ ಹೋಗಿದ್ದ. ಇದೆಲ್ಲ ಗುರಮ್ಮನಿಗೆ ಗೊತ್ತಿತ್ತು. ಅದಕ್ಕೇ ಅವಳಿಗೆ ಅವನ ಮುಖ ನೋಡಲು ಧೈರ್ಯವಾಗಲಿಲ್ಲ.

"ಏಳವ್ವಾ," ಎಂದ ಹಣಮಂತಪ್ಪ.

"ಒಳಗ ಕಾಯಿಪಲ್ಯ ಹರವೀನಪ್ಪ. ತುಳೀಬ್ಯಾಡ್ರಿ."

"ದರ್ಜಿ ಒಳಗ ಅದಾನೇನು?"

ಗುರಮ್ಮ ಬದನೆಕಾಯಿಯ ತೊಟ್ಟು ಕತ್ತರಿಸಿದಳು. "ನಿನ್ನ ತಮ್ಮನ ಸುದ್ದಿ ಕೇಳಿ ನಾ ಉಂಡಿಲ್ಲ ಹಣಮಂತಪ್ಪ," ಎಂದಳು. ಅದು ನಿಜ. "ಏಳು ಅಂದ್ರ ಏಳಾಕ ಬರಂಗಿಲ್ಲ ನನಗ. ದಾಟಿ ಹೋಗಬೇಕಂದ್ರ ನನ್ನ ಮ್ಯಾಲಿಂದ ದಾಟಿ ಹೋಗು."

ಅವನ ಕೊಡಲಿಯ ಕಾವು ಅವಳ ಕಿವಿಯ ಮಟ್ಟಕ್ಕಿತ್ತು. ಹಿಂದಿನವರು ನೂಕುತ್ತಿದ್ದರು. ಯಾರೋ "ಮುದುಕೀನ ಎಳೀರಿ" ಎಂದರು. ಹಣಮಂತಪ್ಪ ಅವಳ ಬೆರಳಿನಿಂದ ಹೋಳುಗಳ ಮೇಲೆ ಬೀಳುತ್ತಿದ್ದ ರಕ್ತ ನೋಡುತ್ತ ನಿಂತ. ಆಮೇಲೆ ತಿರುಗಿ ನಡೆದ. ಮಂದಿಯೂ ಅವನ ಹಿಂದೆ ಹೊರಳಿತು.

ಅವರು ಹಳ್ಳಿಗೆ ಮರಳಲಿಲ್ಲ. ನಾಲ್ಕು ಮನೆಯಾಚೆ ಅತ್ತರು ಮಾರುವ ಅಬ್ದುಲ ಖಾದರನ ಮನೆ ಇತ್ತು. ಆ ಬಾಗಿಲು ಮುರಿಯುವ ಸದ್ದು ಗುರಮ್ಮನಿಗೆ ಕೇಳಿತು. ಆಮೇಲಿನ ಸದ್ದುಗಳೂ ಕೇಳಿದವು. ಲಲಿತಾಬಾಯಿ ಎರಡೂ ಕಿವಿ ಮುಚ್ಚಿಕೊಂಡಳು. ಗುರಮ್ಮ ಏಳಲಿಲ್ಲ. ಎದ್ದರೆ ಈ ಹೊಸ್ತಿಲು ಬರಿದಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಅಂಜಿಕೆಯಿದ್ದದ್ದೂ ನಿಜವಾಗಿತ್ತು. ಬುಟ್ಟಿ ಬರಿದಾದ ಮೇಲೂ ಅವಳು ಹೆಚ್ಚಿದ ಹೋಳುಗಳನ್ನೇ ಮತ್ತೆ ಸಣ್ಣಗೆ ಹೆಚ್ಚುತ್ತಿದ್ದಳು.

ಸಂಜೆ ಫೌಜಿನ ಪಹರೆ ಬಂತು. ಸಮದ, ಖಾಜಾಬಿ ಇಬ್ಬರನ್ನೂ ಲಾರಿ ಹತ್ತಿಸಿ ಬೀದರದ ನೆಂಟರ ಕಡೆ ಬಿಟ್ಟರು. ಅಬ್ದುಲ ಖಾದರನನ್ನು ಊರ ಹೊರಗೆ ಮಣ್ಣು ಮಾಡಿದರು.

ಮಡೆಪ್ಪ ದಸರೆಗೆ ಬಂದ. ಗಡ್ಡ ಬೆಳೆದು ಕರ್ರಗಾಗಿದ್ದ. ಓಣಿಯ ಜನ ಮಾಲೆ ಹಾಕಿದರು. ಮಾಳಿಗೆಯ ಕಥೆಯನ್ನು ಯಾರೋ ಅವನಿಗೆ ಹೇಳಿದರು. ಅವನು ಹೆಂಡತಿಯ ಧೈರ್ಯ ಕೊಂಡಾಡಿ ಚಾವಡಿಯಲ್ಲಿ ಭಾಷಣವನ್ನೇ ಮಾಡಿದ. ಲಲಿತಾಬಾಯಿ ಮನೆಗೆ ಬಂದವನ ಮುಂದೆ ತಾಟು ಇಟ್ಟು, "ಇನ್ನೊಮ್ಮಿ ಅದನ್ನ ಮಂದಿ ಮುಂದ ಹೇಳಬ್ಯಾಡ್ರಿ," ಎಂದಷ್ಟೇ ಅಂದಳು. ಯಾಕೆಂದು ಅವನು ಕೇಳಿದ. ಅವಳು ರೊಟ್ಟಿ ತಿರುವಿದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಸಮದ, ಖಾಜಾಬಿ ತಿರುಗಿ ಬಂದರು. ಬೀದರದಲ್ಲಿ ನೆಂಟರ ಮನೆಯ ಮೂಲೆಯಲ್ಲಿ ಎಷ್ಟು ದಿನ ಇರುವುದು? ಸಮದ ಮಷೀನಿನ ಜೇಡ ತೆಗೆದು ಎಣ್ಣೆ ಬಿಟ್ಟು ಮತ್ತೆ ಹೊಲಿಯಲು ಕೂತ. ಅವರ ಮಾಳಿಗೆ ಮಳೆಗಾಲದ ಕೊನೆಯಲ್ಲಿ ನಿಜವಾಗಿಯೂ ಸೋರಿತ್ತು. ಮಡೆಪ್ಪ ಹೋಗಿ ಮಣ್ಣು ಹೊಡೆದು ಕೊಟ್ಟ.

ದಿನವಿಡೀ ಗೋಡೆಯಾಚೆ ಮಷೀನಿನ ಸದ್ದು, ಈಚೆ ಈಳಿಗೆಯ ಸದ್ದು. ದೊಡ್ಡ ರಸ್ತೆಯಲ್ಲಿ ಲಾರಿ ಬಂದರೆ ಮಾತ್ರ ಆಚೆಯ ಮಷೀನು ನಿಲ್ಲುತ್ತಿತ್ತು. ಈಚೆ ಗುರಮ್ಮನ ಕೈಯೂ ನಿಲ್ಲುತ್ತಿತ್ತು. ಲಾರಿ ಹಾದುಹೋಗಿ, ಬಾಗಿಲಿಗೆ ಯಾರೂ ಬರಲಿಲ್ಲ ಎಂದು ಖಾತ್ರಿಯಾದ ಮೇಲೆ ಮೊದಲು ಮಷೀನು ಶುರುವಾಗುತ್ತಿತ್ತು. ಅದನ್ನು ಕೇಳಿ ಅವಳು ಮುಂದಿನ ಬದನೆಕಾಯಿ ಎತ್ತಿಕೊಳ್ಳುತ್ತಿದ್ದಳು.